ಅಂತ, ಅನಿ, ಬೋಲ್ಕೆ

ಅಪ್ಪ ನನ್ನನ್ನು ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗುತ್ತಿದ್ದುದು ಮೂಟೆಗೆ ಕೈ ಕೊಡಲಿ ಅಂತಲ್ಲ, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಲಿ ಅಂತ. 1972–73ರ ಮಾತು. ನನಗೆ ಒಂಬತ್ತು ತುಂಬಿತ್ತು. ಮರಳವಾಡಿಗೆ ಎರಡು ಮೈಲಿ ದೂರದ ನಮ್ಮೂರಿನಿಂದ ಗೂಡಿನ ಮೂಟೆಗಳನ್ನು ಗಾಡಿಯಲ್ಲಿ ತಂದು, ಬಸ್ಸಿನ ಟಾಪಿಗೆ ಏರಿಸಿ, ಕನಕಪುರದಲ್ಲಿ ಇಳಿಸಿ, ಇನ್ನೊಂದು ಬಸ್ಸಿನ ಟಾಪಿಗೆ ಏರಿಸಿ ರಾಮನಗರ ಮುಟ್ಟುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಮೂಟೆ ಬಿಗಿಯಾದರೆ ಗೂಡು ಬೆವರುತ್ತದೆ, ಬೆವರಿದರೆ ಒಳಗಿನ ಹುಳು ಸತ್ತು ಗೂಡಿಗೆ ಕಲೆ ಬೀಳುತ್ತದೆ. ಆ ಆತಂಕದಲ್ಲಿ ಅಪ್ಪ ದಾರಿಯುದ್ದಕ್ಕೂ ಮಾತೇ ಆಡುತ್ತಿರಲಿಲ್ಲ.

ಗೂಡು ಸುರಿದು ಹರಡಿದ ಮೇಲೆ ನನ್ನ ಕೆಲಸ ಶುರು. ನೂಲು ತೆಗೆಯುವವರು ಇಬ್ಬರೋ ಮೂವರೋ ಬಂದು ಬಗ್ಗುತ್ತಿದ್ದರು. ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿಯುವುದು, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುವುದು, ಒಂದನ್ನು ಬ್ಲೇಡಿನಿಂದ ಸೀಳಿ ಒಳಗಿನ ಹುಳು ಗಟ್ಟಿಯಾಗಿದೆಯೋ ನೀರಾಗಿದೆಯೋ ನೋಡುವುದು. ಎಲ್ಲ ನೋಡಿ, ಮುಖದಲ್ಲಿ ಏನೂ ತೋರಿಸದೆ, ತಮ್ಮತಮ್ಮಲ್ಲಿ ಎರಡೇ ಮಾತು, ಅದೂ ಅಪ್ಪನಿಗೆ ತಿಳಿಯದ ದಖನಿಯಲ್ಲಿ, ನಮ್ಮ ಕಡೆಯ ಮುಸ್ಲಿಮರ ಮಾತಿನಲ್ಲಿ. ಆ ಎರಡು ಮಾತಿಗಾಗಿ ಅಪ್ಪ ನನ್ನನ್ನು ಅಷ್ಟು ದೂರ ಕರೆತಂದಿರುತ್ತಿದ್ದರು. ಬೀಡಿ ಹಚ್ಚುವ ನೆಪದಲ್ಲಿ ನನ್ನ ಕಡೆ ಬಾಗಿ, “ಏನಂತಾವ್ರ್ಲಾ?” ಅನ್ನುವರು. “ಮಾಲು ಚೆನ್ನಾಗೈತೆ, ಬಾಯ್ ಬಿಡಬ್ಯಾಡ ಅಂತಾವ್ರೆ” ಅಂತ ನಾನು. ಅವತ್ತು ಹರಾಜಿನ ಮೊದಲ ರೇಟಿಗೆ ಅಪ್ಪ ಒಪ್ಪುತ್ತಿರಲಿಲ್ಲ.

ನನಗೆ ಆ ದಖನಿ ಬಂದದ್ದು ಗೋಲಿ ಆಟದಿಂದ. ನಮ್ಮ ಮನೆಯ ಹಿಂದೆ ಪಾತ್ರೆಗೆ ಕಲಾಯಿ ಹಾಕುವ ಮುಸ್ಲಿಮರ ಎರಡು ಮನೆಗಳಿದ್ದವು. ಆ ಮನೆಯ ಹುಡುಗರ ಜೊತೆ ಗೋಲಿ, ಬುಗುರಿ, ಜಗಳ. ಜಗಳ ಆಡುವಾಗ ಮಾತು ಬೇಗ ಹತ್ತುತ್ತದೆ, ಯಾಕೆಂದರೆ ತಡಮಾಡಿದರೆ ಸೋಲು. ತೆಲುಗು ಬಂದದ್ದು ಅವ್ವನಿಂದ. ಅವ್ವನ ತವರು ತಳಿ ಕಡೆ. ನಮ್ಮೂರಿನಿಂದ ಪೂರ್ವಕ್ಕೆ ಕಾಡಂಚು ದಾಟಿದರೆ ತಳಿ, ಆಚೆಗೆ ಡೆಂಕಣಿಕೋಟೆ, ಕೆಲಮಂಗಲ, ಹೊಸೂರು. ಅವ್ವ ಅಪ್ಪನ ಜೊತೆ ಕನ್ನಡ ಆಡುವಳು, ತನ್ನ ಅಕ್ಕತಂಗಿಯರ ಜೊತೆ ತೆಲುಗು, ಕೋಪ ಬಂದಾಗ ನಮ್ಮ ಜೊತೆಯೂ ತೆಲುಗು. ತಮಿಳು ತಳಿಯ ಸಂತೆಯಲ್ಲಿ ಕಿವಿಗೆ ಬಿದ್ದು ಉಳಿದದ್ದು. ಹೀಗೆ ಹತ್ತು ವರ್ಷಕ್ಕೆ ನಾಲ್ಕು ನುಡಿ. ನಮ್ಮ ಓಣಿಯಲ್ಲಿ ನನ್ನಂಥವರು ಇನ್ನೂ ಏಳೆಂಟು ಜನ ಇದ್ದರು. ಯಾರೂ ಅದನ್ನು ಜಾಣತನ ಅಂತ ಎಣಿಸಲಿಲ್ಲ. ಹುಡುಗನಿಗೆ ಈಜು ಬರುತ್ತದೆ, ಎಮ್ಮೆ ಹಿಡಿಯಲು ಬರುತ್ತದೆ, ಸಾಬರ ಮಾತು ಬರುತ್ತದೆ, ಅಷ್ಟೇ.

ನಾಲ್ಕು ನುಡಿ ಅಂದ ಕೂಡಲೇ ನಾಲ್ಕು ಗಂಟು ಹೊತ್ತ ಹಾಗೆ ಕೇಳಿಸುತ್ತದೆ. ನಮಗೆ ಹಾಗಿರಲಿಲ್ಲ. ಅದರ ಕಾರಣ ತಿಳಿದದ್ದು ಬಹಳ ವರ್ಷಗಳ ಮೇಲೆ, ಕನ್ನಡ ಮೇಷ್ಟರಾಗಿ ವ್ಯಾಕರಣ ಪಾಠ ಮಾಡುತ್ತಿದ್ದಾಗ. “ಬತ್ತೀನಿ ಅಂತ ಹೇಳ್ದ” ಅನ್ನುವ ನಮ್ಮ ಮಾತನ್ನು ತೆಗೆದುಕೊಳ್ಳಿ. ಅವ್ವನ ತೆಲುಗಿನಲ್ಲಿ ಅದು “ವಸ್ತಾನನಿ ಚೆಪ್ಪಿನಾಡು”. ಸಂತೆಯ ತಮಿಳಿನಲ್ಲಿ “ವರೇನ್ನು ಸೊನ್ನಾನ್”. ಕಲಾಯಿಯವರ ಮನೆಯಲ್ಲಿ “ಆತೂಂ ಬೋಲ್ಕೆ ಬೋಲ್ಯಾ”. ಮೊದಲು ಬರುವ ಮಾತು, ಆಮೇಲೆ ‘ಅಂತ’, ಕೊನೆಗೆ ಹೇಳಿದ್ದು. ‘ಅಂತ’ ಇರುವ ಜಾಗದಲ್ಲಿ ತೆಲುಗಿನ ‘ಅನಿ’, ತಮಿಳಿನ ‘ನು’, ದಖನಿಯ ‘ಬೋಲ್ಕೆ’. ಉತ್ತರದ ಹಿಂದಿಯವರೋ ಉರ್ದುವಿನವರೋ ಹೀಗೆ ಹೇಳುವುದಿಲ್ಲ. ಅವರು ಮೊದಲು ‘ಹೇಳಿದ’ ಎಂದು, ಆಮೇಲೆ ‘ಕಿ’ ಹಾಕಿ, ಕೊನೆಗೆ ಮಾತನ್ನು ತರುತ್ತಾರೆ. ದಖನಿ ಮಾತ್ರ ನೂರಾರು ವರ್ಷ ನಮ್ಮ ನೆರೆಯಲ್ಲಿ ಇದ್ದು ನಮ್ಮ ಮಾತಿನ ಅಡಿಪಾಯವನ್ನೇ ತನ್ನದು ಮಾಡಿಕೊಂಡಿತು. ಆದ್ದರಿಂದ ನಾವು ಹುಡುಗರು ಒಂದು ನುಡಿಯಿಂದ ಇನ್ನೊಂದಕ್ಕೆ ದಾಟುವಾಗ ಮನೆ ಬದಲಾಯಿಸುತ್ತಿರಲಿಲ್ಲ, ಅದೇ ಮನೆಯಲ್ಲಿ ಬೇರೆ ಅಂಗಿ ತೊಡುತ್ತಿದ್ದೆವು.

ಇದನ್ನೇ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ವಿದ್ವಾಂಸರು 1971ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಬಿಡಿಸಿ ತೋರಿಸಿದ್ದಾರೆ. ಅವರು ನೋಡಿದ್ದು ಸಾಂಗ್ಲಿ ಹತ್ತಿರದ ಕುಪ್ವಾಡ ಎಂಬ ಊರನ್ನು. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಬಳಕೆಯಲ್ಲಿದ್ದವು. ಪದಗಳು ನಾಲ್ಕು ಬಗೆ, ವಾಕ್ಯದ ಕಟ್ಟು ಹೆಚ್ಚುಕಡಿಮೆ ಒಂದೇ. ಮನೆಯ ಒಳಗೆ ತಮ್ಮ ನುಡಿಯನ್ನು ಬಿಡದೆ, ಹೊರಗೆ ಎಲ್ಲರ ಜೊತೆ ವ್ಯವಹಾರ ನಡೆಸಬೇಕಾದ ಜನ ಶತಮಾನಗಳ ಕಾಲ ಒಟ್ಟಿಗೆ ಬದುಕಿದರೆ ಹೀಗಾಗುತ್ತದೆ. ಆ ಲೇಖನ ಓದಿದಾಗ ನನಗೆ ಸಾಂಗ್ಲಿ ಕಣ್ಣ ಮುಂದೆ ಬರಲಿಲ್ಲ, ನಮ್ಮ ಓಣಿ ಬಂತು.

ಇಷ್ಟು ಹೇಳಿ ನಿಲ್ಲಿಸಿದರೆ ಆ ಕಾಲ ಬಹಳ ಚೆಂದ ಕಾಣುತ್ತದೆ. ಅದಕ್ಕೇ ಇನ್ನೊಂದು ಸಂಗತಿ ಹೇಳಬೇಕು.

ನನಗೆ ಹನ್ನೊಂದಾಗಿದ್ದಾಗ ಒಂದು ಬೆಳೆಯನ್ನು ಅಪ್ಪ ಮಾರ್ಕೆಟ್ಟಿಗೆ ಹಾಕದೆ ಮನೆ ಬಾಗಿಲಲ್ಲೇ ಒಬ್ಬರಿಗೆ ಮಾರಿದರು. ಅರ್ಧ ಹಣ ಕೈಗೆ ಬಂತು, ಉಳಿದರ್ಧಕ್ಕೆ ಹದಿನೈದು ದಿನದ ವಾಯಿದೆ. ವಾಯಿದೆ ಮುಗಿದು ತಿಂಗಳಾದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಅವರ ಮನೆ ಹುಡುಕಿಕೊಂಡು ಹೋದರು. ರಾಮನಗರದ ಒಂದು ಇಕ್ಕಟ್ಟಿನ ಗಲ್ಲಿ. ಮನೆಯೆಲ್ಲ ಹೊಗೆ ಮತ್ತು ಬೆಂದ ಹುಳುವಿನ ವಾಸನೆ. ಒಲೆಯ ಮೇಲೆ ಕುದಿಯುವ ನೀರಿನ ಬಾನಿ, ಅದರಲ್ಲಿ ತೇಲುವ ಗೂಡು. ಆ ಮನೆಯ ಯಜಮಾನರು ಬಿಸಿನೀರಿನಲ್ಲಿ ಬೆರಳಾಡಿಸುತ್ತ ಎಳೆ ಹುಡುಕಿ ಕೂಡಿಸುತ್ತಿದ್ದರು. ಚರಕದ ಚಕ್ರ ತಿರುಗಿಸುತ್ತಿದ್ದುದು ನನ್ನದೇ ವಯಸ್ಸಿನ ಹುಡುಗ. ಅವನ ಬೆರಳ ತುದಿಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಅಪ್ಪ ಹೊಸ್ತಿಲಲ್ಲಿ ಕೂತರು. ನಾನು ಬಾಗಿಲ ಸಂದಿಯಲ್ಲಿ ನಿಂತೆ.

ಯಜಮಾನರು ಒಳಗೆ ಹೋಗಿ ಹೆಂಡತಿಯನ್ನು ಏನೋ ಕೇಳಿದರು. ಒಳಗಿನಿಂದ ಆಕೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. “ಘರ್‌ಮೆಂ ಚಾವಲ್‌ಚ್ ನೈ, ಕಾಂಸೆ ದೇನಾ?” ಮನೇಲಿ ಅಕ್ಕಿನೇ ಇಲ್ಲ, ಎಲ್ಲಿಂದ ಕೊಡೋದು. ಅವರು ಹೊರಗೆ ಬಂದು ಅಪ್ಪನ ಮುಖ ನೋಡದೆ ಮತ್ತೆ ಬಾನಿಯ ಮುಂದೆ ಕೂತರು. ಅಪ್ಪ ನನ್ನ ಕಡೆ ತಿರುಗಿ ಎಂದಿನಂತೆ, “ಏನಂತ್ಲಾ ಒಳಗೆ?” ಅಂದರು.

“ಬರೋ ವಾರ ಕೊಡ್ತಾರಂತೆ” ಅಂದೆ.

ಯಾಕೆ ಹಾಗೆ ಹೇಳಿದೆ ಎಂದು ಆಗ ತಿಳಿದಿರಲಿಲ್ಲ. ನಮ್ಮ ಮನೆಯಲ್ಲೂ ಆ ಹಣಕ್ಕೆ ಕಾದಿದ್ದರು, ಸೊಸೈಟಿಯ ಸಾಲದ ಕಂತು ಬಾಕಿಯಿತ್ತು. ಅಕ್ಕಿ ಇಲ್ಲ ಅನ್ನುವ ಮಾತನ್ನು ನನ್ನ ಬಾಯಿಂದ ಅಪ್ಪನಿಗೆ ದಾಟಿಸಲು ನನಗೆ ಆಗಲಿಲ್ಲ. ಅಪ್ಪ ನಂಬಿ ಎದ್ದರು. ಮುಂದಿನ ವಾರ ಒಬ್ಬರೇ ಹೋಗಿ ಬರಿಗೈಯಲ್ಲಿ ಬಂದು, ನನ್ನ ಕೆನ್ನೆಗೆ ಹೊಡೆದರು. ಹಣ ಆಮೇಲೆ ಮೂರು ಕಂತಿನಲ್ಲಿ ಬಂತು. ಅಪ್ಪ ಮತ್ತೆ ನನ್ನನ್ನು ಮಾತಿಗೆಂದು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ.

ಚರಕ ತಿರುಗಿಸುತ್ತಿದ್ದ ಆ ಹುಡುಗ ನಾವು ಎದ್ದಾಗ ನನಗೆ ಅಚ್ಚಗನ್ನಡದಲ್ಲಿ “ನೀರ್ ಬೇಕಾ?” ಅಂದಿದ್ದ. ಅವನಿಗೆ ಕನ್ನಡ ಬರುತ್ತಿತ್ತು, ದಖನಿ ಬರುತ್ತಿತ್ತು, ಆ ಗಲ್ಲಿಯಲ್ಲಿ ತೆಲುಗೂ ತಮಿಳೂ ಓಡಾಡುತ್ತಿದ್ದವು. ಶಾಲೆಯಲ್ಲಿ ಅವನಿಲ್ಲ. ರಾಮನಗರ, ಮಾಗಡಿ ಕಡೆಯ ನೂಲಿನ ಮನೆಗಳಲ್ಲಿ ಆಗ ಅಂಥ ಹುಡುಗರು ಕಡಿಮೆ ಇರಲಿಲ್ಲ. ಮಕ್ಕಳು ಹಲವು ನುಡಿ ಆಡುತ್ತಿದ್ದ ಕಾಲ ಅಂತ ನಾವು ಅದನ್ನು ನೆನೆಯುವಾಗ, ಮಕ್ಕಳು ಕೆಲಸಕ್ಕೆ ನಿಲ್ಲುತ್ತಿದ್ದ ಕಾಲವೂ ಅದೇ ಎಂಬುದನ್ನು ಬಿಟ್ಟು ನೆನೆಯಬಾರದು. ಎಲ್ಲಿ ನಿಲ್ಲಿಸಿದರೋ ಅಲ್ಲಿಯ ಮಾತು ಬಂತು.

ನುಡಿಗಳು ಎಲ್ಲ ಕಡೆಗೂ ಸಮನಾಗಿ ಹರಿಯುತ್ತಲೂ ಇರಲಿಲ್ಲ. ಕಾಡಂಚಿನ ಇರುಳಿಗರು ಜೇನು, ಸೀಗೆ ತಂದು ನಮ್ಮ ಜಗಲಿಯಲ್ಲಿ ಇಳಿಸುತ್ತಿದ್ದರು. ನಮ್ಮ ಜೊತೆ ಕನ್ನಡ, ತಮ್ಮತಮ್ಮಲ್ಲಿ ತಮ್ಮದೇ ಮಾತು. ಅವರ ಮಕ್ಕಳು ನಮ್ಮ ಕನ್ನಡ ಕಲಿತರು. ನಾಲ್ಕು ನುಡಿ ಬರುತ್ತದೆಂದ ನಾನು ಅವರ ಒಂದು ಪದವನ್ನೂ ಕಲಿಯಲಿಲ್ಲ, ಕಲಿಯಬೇಕೆಂದು ನನಗೆ ಹೊಳೆಯಲೂ ಇಲ್ಲ. ಕಲ್ಲು ಒಡೆಯುವ ಭೋವಿ ಜನರ ಮಕ್ಕಳು ಮೂವರು ನನ್ನ ತರಗತಿಯಲ್ಲಿದ್ದರು. ಅವರ ಮನೆಮಾತು ತೆಲುಗಿನದೇ ಒಂದು ಬಗೆ. ಅವ್ವನ ತೆಲುಗು ಕೇಳಿದ್ದ ನನಗೆ ಅದು ಅರ್ಧ ತಿಳಿಯುತ್ತಿತ್ತು. ಒಮ್ಮೆ ನಾನು ಅದೇ ಮಾತಿನಲ್ಲಿ ಅವರಲ್ಲೊಬ್ಬನನ್ನು ಕರೆದೆ. ಅವನು ಕೆಂಪಾಗಿ, “ನಮ್ಮನೇಲಿ ಕನ್ನಡನೇ ಆಡೋದು” ಅಂದ. ನನ್ನ ಅವ್ವನ ತೆಲುಗು ತವರಿನ ಮಾತಾಗಿ ಮನೆಯಲ್ಲಿ ಸಲ್ಲುತ್ತಿತ್ತು. ಅವನ ತೆಲುಗು ಬಾಯಿಬಿಟ್ಟರೆ ಅವನು ಯಾರೆಂದು ತರಗತಿಗೆಲ್ಲ ಗೊತ್ತಾಗುತ್ತಿತ್ತು. ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಶಾಲೆ ನಮ್ಮ ನುಡಿಗಳನ್ನು ತಿದ್ದಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ತೆಗೆದ ‘ಶೋಲೆ’ ಸಿನಿಮಾ 1975ರಲ್ಲಿ ಬಂದ ಮೇಲೆ ನಮ್ಮ ಕಡೆಯ ಹುಡುಗರಿಗೆ ಹಿಂದಿ ತಮ್ಮ ಊರಿನದೇ ಮಾತು ಅನ್ನುವ ಧೈರ್ಯ ಬಂದಿತ್ತು. ಹೈಸ್ಕೂಲಿನ ಹಿಂದಿ ತರಗತಿಯಲ್ಲಿ ನಾನು ಎದ್ದು ನಿಂತು ನಿರರ್ಗಳವಾಗಿ ದಖನಿಯಲ್ಲಿ ಉತ್ತರ ಹೇಳಿದೆ. ‘ನಕ್ಕೋ’ ಅಂತ ಪದವೇ ಇಲ್ಲ, ‘ಮೇರೆಕು’ ಅಂತ ಬರೆಯಬಾರದು, ಇದು ಹಿಂದಿಯೂ ಅಲ್ಲ ಉರ್ದುವೂ ಅಲ್ಲ ಅಂತ ಮೇಷ್ಟರು ಕೂರಿಸಿದರು. ಅವರ ಪುಸ್ತಕದ ಪ್ರಕಾರ ಅವರು ಸರಿ. ಆದರೆ ‘ಬೇಡ’ ಅನ್ನುವ ಆ ‘ನಕ್ಕೋ’ ಮರಾಠಿಯ ‘ನಕೋ’ದಿಂದ ಬಂದು ದಖನಿಯಲ್ಲಿ ಬೇರೂರಿದ ಪದ, ಪುಸ್ತಕದ ಹಿಂದಿಗಿಂತ ಹಳೆಯ ಬೇರು. ಅವತ್ತಿನಿಂದ ನಾನು ತರಗತಿಯಲ್ಲಿ ಆ ಮಾತು ಎತ್ತಲಿಲ್ಲ, ನಾಲ್ಕು ವಾರದಲ್ಲಿ ಮಾರ್ಕ್ಸು ಬರುವಷ್ಟು ಹಿಂದಿ ಕಲಿತೆ.

ನನ್ನ ಶಾಲಾ ದಾಖಲೆಯಲ್ಲಿ ಮಾತೃಭಾಷೆಯ ಕಾಲಮ್ಮಿನಲ್ಲಿ ‘ಕನ್ನಡ’ ಅಂತಿದೆ. ನನ್ನ ಮಾತೆಯ ಭಾಷೆ ತೆಲುಗು. ಬರೆಸಿದವರು ಅಪ್ಪ, ಅವರಿಗೆ ಅನುಮಾನವೇ ಬಂದಿರಲಿಕ್ಕಿಲ್ಲ. ಮಾಸ್ತಿಯವರ ಮನೆಯಲ್ಲಿ ತಮಿಳು, ಬೇಂದ್ರೆಯವರ ಮನೆಯಲ್ಲಿ ಮರಾಠಿ. ಕನ್ನಡದ ಮಕ್ಕಳಿಗೆಲ್ಲ ಹಾಡು ಕೊಟ್ಟ ಜಿ.ಪಿ. ರಾಜರತ್ನಂ ಹುಟ್ಟಿದ್ದು ನಮ್ಮ ರಾಮನಗರದಲ್ಲೇ, ತಮಿಳು ಮೂಲದ ಶ್ರೀವೈಷ್ಣವ ಮನೆತನದಲ್ಲಿ. ಅವರ ಪದ್ಯಗಳನ್ನು ಬಾಯಿಪಾಠ ಮಾಡಿಸಿದರು, ಈ ಸಂಗತಿಯನ್ನು ಯಾರೂ ಹೇಳಲಿಲ್ಲ. ಹೇಳಿದ್ದರೆ ಆ ಭೋವಿ ಹುಡುಗ ತಲೆ ತಗ್ಗಿಸುತ್ತಿರಲಿಲ್ಲವೇನೋ. ಮೂವತ್ತೊಂದು ವರ್ಷ ಮೇಷ್ಟರಾಗಿದ್ದಾಗ ನಾನು ಇದನ್ನು ಪ್ರತಿ ತರಗತಿಗೂ ತಪ್ಪದೆ ಹೇಳಿದೆ.

ಗಂಡುಮಕ್ಕಳಿಗೆ ಮಾರ್ಕೆಟ್ಟು ಕಲಿಸಿದ್ದನ್ನು ಹೆಣ್ಣುಮಕ್ಕಳಿಗೆ ಮದುವೆ ಕಲಿಸುತ್ತಿತ್ತು. ನನ್ನ ಅಕ್ಕನನ್ನು ಅಪ್ಪ ಯಾವ ಸಂತೆಗೂ ಕರೆದುಕೊಂಡು ಹೋಗಿರಲಿಲ್ಲ. ಹದಿನೆಂಟಕ್ಕೆ ಅವಳನ್ನು ಅವ್ವನ ತವರಿನ ಪಕ್ಕದ ಊರಿಗೇ ಕೊಟ್ಟರು. ಎರಡು ವರ್ಷದಲ್ಲಿ ಅವಳು ಗಂಡನ ಮನೆಯಲ್ಲಿ ತೆಲುಗು, ಹೊಲದ ಆಳುಗಳ ಜೊತೆ ತಮಿಳು, ಹೊಸೂರಿನ ಆಸ್ಪತ್ರೆಯಲ್ಲಿ ಇನ್ನೊಂದು ಬಗೆಯ ತಮಿಳು ಕಲಿತು ನನ್ನನ್ನು ಮೀರಿಸಿದಳು. ಅಕ್ಕನ ಆ ಊರು 1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದಲ್ಲೇ ಉಳಿದದ್ದು. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಅಲ್ಲಿ ಕನ್ನಡ ಶಾಲೆಗಳಿದ್ದವು, ಅಕ್ಕನ ಮಕ್ಕಳು ಕನ್ನಡದಲ್ಲೇ ಓದಿದರು. 2006ರ ತಮಿಳು ಕಲಿಕೆ ಕಾಯ್ದೆ ಒಂದನೇ ತರಗತಿಯಿಂದ ಹಂತ ಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. ಅಕ್ಕನ ಮೊಮ್ಮಗಳಿಗೆ ಈಗ ಹದಿನಾರು. ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ನಾಲ್ಕನ್ನೂ ತಡೆಯಿಲ್ಲದೆ ಆಡುತ್ತಾಳೆ. ನಾನು ಕಳಿಸಿದ ಕನ್ನಡ ಪತ್ರ ಓದಲು ಮಾತ್ರ ಅವಳಿಗೆ ಅಜ್ಜಿ ಬೇಕು. ಇದರಲ್ಲಿ ನನಗೆ ನೋವಿದೆ. ಆದರೆ 1982ರಲ್ಲಿ ಗೋಕಾಕ್ ಚಳವಳಿಯ ಮೆರವಣಿಗೆಯಲ್ಲಿ ನಾನೂ ನಡೆದಿದ್ದೇನೆ. ಹೈಸ್ಕೂಲಿನಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ಕೂಗುವಾಗ, ಕಲಾಯಿಯವರ ಮನೆಯ ಮೊಮ್ಮಕ್ಕಳು ಏನು ಓದಬೇಕಾಗುತ್ತದೆಂದು ಯೋಚಿಸಿರಲಿಲ್ಲ. ಕನ್ನಡ ಬೇಕೆಂದದ್ದು ಈಗಲೂ ಸರಿ ಅಂತಲೇ ನಂಬಿದ್ದೇನೆ. ಗಡಿಯ ಆಚೆ ನಿಂತವರಿಗೂ ಅವರವರ ಬೇಕು ಅಷ್ಟೇ ಸರಿ ಕಾಣುತ್ತದೆ. ನಡುವೆ ಸಿಕ್ಕಿಕೊಳ್ಳುವುದು ಹದಿನಾರರ ಹುಡುಗಿ.

ಎರಡು ವರ್ಷದ ಹಿಂದೆ ತಮ್ಮನ ಜೊತೆ ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಹಳದಿ ಗೂಡಿನ ರಾಶಿಗಳ ನಡುವೆ ಬೈವೋಲ್ಟಿನ್ ಜಾತಿಯ ಗೂಡು ಬೆಳ್ಳಗೆ ಹೊಳೆಯುತ್ತಿತ್ತು. ಕೊಳ್ಳುವವರು ಬರುತ್ತಾರೆ, ಹಿಡಿ ಎತ್ತುತ್ತಾರೆ, ಅಲ್ಲಾಡಿಸುತ್ತಾರೆ, ಅದೆಲ್ಲ ಹಾಗೇ ಇದೆ. ಆಮೇಲೆ ಮೊಬೈಲ್ ತೆಗೆದು ರೇಟು ಒತ್ತುತ್ತಾರೆ. ಲಾಟ್ ನಂಬರಿನ ಮುಂದೆ ದರ ಬರುತ್ತದೆ, ಹಣ ರೈತನ ಖಾತೆಗೆ ಹೋಗುತ್ತದೆ. ಪಕ್ಕದಲ್ಲಿ ನಿಂತು ಕದ್ದು ಕೇಳುವ ಹುಡುಗನ ಅಗತ್ಯ ಯಾರಿಗೂ ಇಲ್ಲ. ಇದು ಒಳ್ಳೆಯದೇ. ಒಂಬತ್ತರ ಹುಡುಗ ಆ ಹೊತ್ತಿನಲ್ಲಿ ಶಾಲೆಯಲ್ಲಿರಬೇಕು. ಒಬ್ಬ ವಯಸ್ಸಾದವರ ಜೊತೆ ದಖನಿ ಆಡಲು ಬಾಯಿ ತೆರೆದೆ. ಎರಡು ವಾಕ್ಯ ಬಂತು, ಮೂರನೆಯದಕ್ಕೆ ಕನ್ನಡಕ್ಕೆ ಇಳಿದೆ. ಅವರು ಮೊದಲಿಂದಲೂ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು.

ಈಗಿನ ಮಕ್ಕಳಿಗೆ ಭಾಷೆ ಬರುವುದಿಲ್ಲ ಅಂತ ನನ್ನ ವಾರಗೆಯವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ತಮ್ಮನ ಮೊಮ್ಮಗನಿಗೆ ಹದಿನೇಳು, ಹಾರೋಹಳ್ಳಿಯಲ್ಲಿ ಪಿಯುಸಿ ಓದುತ್ತಾನೆ. ರಾತ್ರಿ ಊಟ ಆದ ಮೇಲೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೊಬೈಲಿನಲ್ಲಿ ಆಟ ಆಡುತ್ತಾನೆ. ಆಚೆ ಕಡೆ ಪಾಟ್ನಾದ ಹುಡುಗ, ಮದುರೆಯ ಹುಡುಗ, ಹೈದರಾಬಾದಿನ ಹುಡುಗ. ಒಂದೇ ಉಸಿರಿನಲ್ಲಿ ಮೂವರಿಗೆ ಮೂರು ನುಡಿಯಲ್ಲಿ ಬೈಯುತ್ತಾನೆ, ತಿರುಗಿ ನನಗೆ “ತಾತ, ಲೈಟ್ ಆಫ್ ಮಾಡ್ಬೇಡಿ” ಅಂತಾನೆ. ತಮಿಳು, ತೆಲುಗು ಸಿನಿಮಾಕ್ಕೆ ಅವನಿಗೆ ಡಬ್ಬಿಂಗ್ ಬೇಡ. ಜಗಳದಿಂದ ಮಾತು ಬೇಗ ಹತ್ತುವುದು ಅವನಿಗೂ ನಿಜ. ನನಗೂ ಅವನಿಗೂ ಇರುವ ವ್ಯತ್ಯಾಸ ಒಂದೇ, ಅವನನ್ನು ಯಾರೂ ಅಲ್ಲಿ ನಿಲ್ಲಿಸಿಲ್ಲ. ಬೇಕಾಗಿ ಹೋಗಿದ್ದಾನೆ, ಬೇಡವಾದಾಗ ಆರಿಸಿ ಮಲಗುತ್ತಾನೆ.

ಆರಿಸಿ ಮಲಗಲಾಗದ ಮಕ್ಕಳು ಈಗ ಬೇರೆ ಇದ್ದಾರೆ. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ನಮ್ಮ ಸುತ್ತಿನ ಕೋಳಿ ಫಾರಂ, ಇಟ್ಟಿಗೆ ಗೂಡು, ಹುಳುಮನೆಗಳಲ್ಲಿ ಬಿಹಾರ, ಒಡಿಶಾ, ಅಸ್ಸಾಮಿನಿಂದ ಬಂದ ಸಂಸಾರಗಳಿವೆ. ನಿವೃತ್ತಿಯ ನಂತರ ನಾನು ವಾರಕ್ಕೆರಡು ದಿನ ಹತ್ತಿರದ ಸರ್ಕಾರಿ ಶಾಲೆಗೆ ಕಥೆ ಓದಿಸಲು ಹೋಗುತ್ತೇನೆ. ಆರನೇ ತರಗತಿಯಲ್ಲಿ ದರ್ಭಂಗಾ ಕಡೆಯ ಹುಡುಗಿಯೊಬ್ಬಳಿದ್ದಳು. ಎರಡು ವರ್ಷದಲ್ಲಿ ಕನ್ನಡ ಓದುವುದರಲ್ಲಿ ತರಗತಿಗೇ ಮುಂದು. ಮನೆಯಲ್ಲಿ ಏನು ಮಾತಾಡ್ತೀರಿ ಅಂದರೆ “ದೇಹಾತಿ” ಅನ್ನುವಳು. ದೇಹಾತಿ ಅಂದರೆ ಹಳ್ಳಿಯದು. ಅದಕ್ಕೆ ಮೈಥಿಲಿ ಅಂತ ಹೆಸರಿದೆ, ಸಾವಿರಾರು ಜನ ಅದರಲ್ಲಿ ಬರೆದಿದ್ದಾರೆ, 2003ರಲ್ಲಿ ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಿದ್ದಾರೆ ಅಂತ ನಾನು ಹೇಳಿದೆ. ಅವಳು ಕೇಳಿಸಿಕೊಂಡು, “ಕನ್ನಡವೂ ಅದ್ರಲ್ಲಿ ಐತಾ?” ಅಂದಳು. ಐತೆ ಅಂದೆ. ಅವಳದು ಫಾರಂ ಮಾಲೀಕರ ಮನೆಯಲ್ಲಿ ಕನ್ನಡ, ಗುತ್ತಿಗೆದಾರನ ಜೊತೆ ಹಿಂದಿ, ಪಕ್ಕದ ಶೆಡ್ಡಿನವರ ಜೊತೆ ಬಂಗಾಳಿ. ಅಪ್ಪ ಅಮ್ಮನಿಗೆ ಕನ್ನಡ ಬಾರದು. ಫಾರಂ ಲೆಕ್ಕ, ರೇಷನ್ನು, ಬಾಡಿಗೆ, ಎಲ್ಲ ಅವಳ ಬಾಯಿಂದಲೇ ದಾಟಬೇಕು.

ಹೋದ ಮಳೆಗಾಲದಲ್ಲಿ ಬಿ.ಪಿ. ಮಾತ್ರೆಗೆಂದು ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೂತಿದ್ದೆ. ಅವಳು ಯೂನಿಫಾರಂನಲ್ಲೇ ಅಮ್ಮನ ತೋಳು ಹಿಡಿದು ಬಂದಳು. ಬಾಗಿಲು ತೆರೆದೇ ಇತ್ತು, ನನ್ನ ಬೆಂಚು ಬಾಗಿಲಿಗೆ ತಾಗಿತ್ತು. ಎಷ್ಟು ತಿಂಗಳಾಗಿತ್ತು ಕೇಳು, ಅಂದರು ಡಾಕ್ಟರು. ಅವಳು ಕೇಳಿ, ನಾಲ್ಕು ಅಂದಳು. ಯಾವಾಗಿಂದ ಹೋಗ್ತಾ ಇದೆ ಕೇಳು. ನಿನ್ನೆ ರಾತ್ರಿಯಿಂದ. ಭಾರ ಎತ್ತಿದ್ರಾ ಕೇಳು. ಹುಡುಗಿ ಕೇಳಿದಳು, ತಾಯಿ ಏನೋ ಹೇಳಿದಳು, ಮೇವಿನ ಮೂಟೆ ಅಂದಳು. ಡಾಕ್ಟರು ಸ್ವಲ್ಪ ತಡೆದು, ದನಿ ಇಳಿಸಿ, “ಮನೇಲಿ ಯಾರಾದ್ರೂ ಹೊಡೆದ್ರಾ ಕೇಳಮ್ಮ” ಅಂದರು.

ಅವಳು ತಾಯಿಯ ಕಡೆ ತಿರುಗಲಿಲ್ಲ. “ಇಲ್ಲ ಮೇಡಂ” ಅಂದಳು.

ಡಾಕ್ಟರು ಬರೆದುಕೊಂಡರು. ಹೊರಗೆ ಸಾಲು ಉದ್ದವಿತ್ತು. ತಾಯಿ ಆ ಪ್ರಶ್ನೆ ಕೇಳಿಸಿಕೊಳ್ಳಲೇ ಇಲ್ಲ. ಉತ್ತರ ನಿಜವೋ ಅಲ್ಲವೋ ನನಗೆ ತಿಳಿಯದು, ನಿಜವೇ ಇರಬಹುದು. ಆದರೆ ಹನ್ನೆರಡರ ಮಗುವಿನ ಕೈಯಲ್ಲಿ ಆ ಪ್ರಶ್ನೆ ಇಡಬಾರದಿತ್ತು. ನಾನು ಎದ್ದು ಹೋಗಿ, ನನಗೆ ಹಿಂದಿ ಬರುತ್ತೆ, ಬೇಕಾದರೆ ನರ್ಸಮ್ಮನ ಮೂಲಕ ಕೇಳೋಣ, ಮಗುವನ್ನು ಆಚೆ ಕೂರಿಸಿ ಅಂದೆ. ಆಗಲಿ ಅಂದರು. ಅಷ್ಟರಲ್ಲಿ ಹುಡುಗಿ ಚೀಟಿ ತೆಗೆದುಕೊಂಡು ಅಮ್ಮನನ್ನು ನಡೆಸಿಕೊಂಡು ಔಷಧಿ ಕೊಡುವ ಕಿಟಕಿಯ ಹತ್ತಿರ ನಿಂತಿದ್ದಳು.

ದಸರೆ ರಜೆ ಮುಗಿದ ವಾರ ಅವರು ಊರು ಬಿಟ್ಟರು. ಫಾರಂ ಗುತ್ತಿಗೆ ಮುಗಿದಿತ್ತು, ಮುಂದಿನದು ಹೊಸೂರಿನ ಆಚೆ ಎಲ್ಲೋ. ಟಿ.ಸಿ. ತೆಗೆದುಕೊಳ್ಳಲು ತಾಯಿ ಮಗಳು ಶಾಲೆಗೆ ಬಂದಿದ್ದರು. ಮುಖ್ಯ ಶಿಕ್ಷಕಿ ತುಂಬುತ್ತ ಹೋದರು. ನನ್ನ ಟಿ.ಸಿ.ಯಲ್ಲಿ ಬೆಂಗಳೂರು ಜಿಲ್ಲೆ, ಕನಕಪುರ ತಾಲೂಕು ಅಂತಿತ್ತು. ಇವಳದರಲ್ಲಿ ತಾಲೂಕು ಹಾರೋಹಳ್ಳಿ, ಜಿಲ್ಲೆಯ ಹೆಸರಿನ ಹತ್ತಿರ ರಾಮನಗರದ ಹಳೆಯ ಸೀಲಿನ ಮೇಲೆ ಬೆಂಗಳೂರು ದಕ್ಷಿಣ ಅಂತ ಪೆನ್ನಿನಲ್ಲಿ ಬರೆದರು. ಮಾತೃಭಾಷೆಯ ಕಾಲಮ್ಮಿಗೆ ಬಂದಾಗ ಸೇರಿಸಿಕೊಂಡಾಗಿನ ದಾಖಲೆ ನೋಡಿ ‘ಹಿಂದಿ’ ಅಂತ ಬರೆಯಲು ಹೊರಟರು. “ಮೈಥಿಲಿ, ಮಿಸ್” ಅಂದಳು ಹುಡುಗಿ. ತಕಾರವೋ ಥಕಾರವೋ ಅಂತ ಅವರು ನನ್ನ ಕಡೆ ನೋಡುವಷ್ಟರಲ್ಲಿ ಅವಳೇ ಪಕ್ಕದ ರಫ್ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ತೋರಿಸಿದಳು.

ಗೇಟಿನವರೆಗೆ ನಾನೂ ನಡೆದೆ. ತಾಯಿ ನನ್ನ ಮುಖ ನೋಡುತ್ತ ಮಗಳಿಗೆ ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು, ನಡುವೆ ಒಂದು ಸಲ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು, ಮತ್ತೆ ಹೇಳಿದಳು. ಏನಂತೆ, ಅಂತ ನಾನು ಹುಡುಗಿಯನ್ನು ಕೇಳಿದೆ.

“ಬಸ್ಸು ಎಷ್ಟೊತ್ತಿಗೆ ಅಂತ ಕೇಳ್ತಾವ್ರೆ ತಾತ” ಅಂದಳು.

ಎರಡೂಮುಕ್ಕಾಲಿಗೆ ಇದೆ ಅಂದೆ. ಅವಳು ತಾಯಿಗೆ ಹೇಳಿದಳು.